ಹಾಲು ಸಾಲದ ಬಾಣಂತಿ: ಒಂದು ಆರೈಕೆಯ ಚರಿತ್ರೆ

ಹೆತ್ತವಳಿಗೆ ಹಾಲು ಸಾಲದಿದ್ದರೆ ಏನು ಮಾಡಬೇಕು ಎಂಬುದಕ್ಕೆ ಭಾರತದಲ್ಲಿ ಸಿಗುವ ಹಳೆಯ, ವಿವರವಾದ ಉತ್ತರಗಳು ಚರಕ ಮತ್ತು ಸುಶ್ರುತ ಸಂಹಿತೆಗಳಲ್ಲಿವೆ. ಚರಕ ಸಂಹಿತೆ ಮದ್ದುಗಳನ್ನು ಹತ್ತು ಹತ್ತರ ಗುಂಪುಗಳಾಗಿ ವಿಂಗಡಿಸುವಾಗ ಹಾಲು ಹುಟ್ಟಿಸುವ ಬೇರುಗಳಿಗೆ ‘ಸ್ತನ್ಯಜನನ’ ಎಂಬ ಗುಂಪನ್ನೇ ಮೀಸಲಿಡುತ್ತದೆ. ಲಾವಂಚ, ಭತ್ತ, ಅರವತ್ತು ದಿನಕ್ಕೆ ಬರುವ ಷಷ್ಟಿಕ ಭತ್ತ, ದರ್ಭೆ, ಕುಶ, ಕಾಶ ಹೀಗೆ ಪಟ್ಟಿಯಲ್ಲಿರುವವು ಬಹುಪಾಲು ಹುಲ್ಲಿನ ಕುಲದವೇ. ಹುಲ್ಲು ಮೇಯ್ದ ಹಸು ಹಾಲು ಕೊಡುವುದನ್ನು ನಿತ್ಯ ಕಾಣುತ್ತಿದ್ದ ಸಮಾಜದ ಯೋಚನೆ ಇದರ ಹಿಂದೆ ಇರಬಹುದು. ಮುರಿದರೆ ಹಾಲು ಸೂಸುವ ಗಿಡಮರಗಳನ್ನೂ ಅದೇ ಗ್ರಂಥ ಬಾಣಂತಿಗೆ ಹೇಳುತ್ತದೆ. ಇದೆಲ್ಲದರ ಜೊತೆಗೆ ದ್ರವಾಹಾರ, ಹಾಲು ಕುಡಿಯುವುದು ಮತ್ತು ಮೈಗೆ ಶ್ರಮವಿಲ್ಲದಿರುವುದು ಕೂಡ ಹಾಲು ಹೆಚ್ಚಿಸುತ್ತವೆ ಎನ್ನುತ್ತದೆ. ಮುಂದಿನ ಶತಮಾನಗಳು ಬೇರುಗಳನ್ನು ನೆನಪಿಟ್ಟುಕೊಂಡಷ್ಟು ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಲಿಲ್ಲ.

ಸುಶ್ರುತ ಸಂಹಿತೆಯ ಪಟ್ಟಿ ಅಡುಗೆಮನೆಗೆ ಇನ್ನಷ್ಟು ಹತ್ತಿರದ್ದು. ಜವೆಗೋಧಿ, ಗೋಧಿ, ಅಕ್ಕಿ, ಮಾಂಸರಸ, ಮದ್ಯ, ಎಳ್ಳಿನ ಹಿಂಡಿ, ಬೆಳ್ಳುಳ್ಳಿ, ಮೀನು, ತಾವರೆಯ ದಂಟು, ನೆಲಗುಂಬಳದ ಗಡ್ಡೆ, ಅತಿಮಧುರ, ಶತಾವರಿ, ಸೋರೆಕಾಯಿ ಎಲ್ಲವೂ ಅದರಲ್ಲಿವೆ. ಆದರೆ ಆ ಗ್ರಂಥದ ನಿಜವಾದ ಒಳನೋಟ ಪಟ್ಟಿಗಿಂತ ಮೊದಲು ಬರುತ್ತದೆ. ಸಿಟ್ಟು, ದುಃಖ ಮತ್ತು ಮಗುವಿನ ಮೇಲೆ ವಾತ್ಸಲ್ಯವಿಲ್ಲದಿರುವುದು ಹಾಲು ಬತ್ತಲು ಕಾರಣ. ಆದ್ದರಿಂದ ಮೊದಲು ಆಕೆಯ ಮನಸ್ಸು ತಿಳಿಯಾಗುವಂತೆ ಮಾಡಬೇಕು, ಆಮೇಲೆ ಆಹಾರ ಎಂಬುದು ಅಲ್ಲಿನ ಕ್ರಮ. ಮಗುವನ್ನು ಮುಟ್ಟಿದಾಗ, ಕಂಡಾಗ, ನೆನೆದಾಗಲೂ ಹಾಲು ಇಳಿಯುತ್ತದೆ, ಎಡೆಬಿಡದ ಪ್ರೀತಿಯೇ ಅದಕ್ಕೆ ಕಾರಣ ಎಂದೂ ಅದೇ ಗ್ರಂಥದ ಇನ್ನೊಂದು ಕಡೆ ಬರುತ್ತದೆ.

ತಾಯಿಗೆ ಹಾಲೇ ಇಲ್ಲವಾದರೆ ಮೊದಲ ದಾರಿ ಧಾತ್ರಿ, ಅಂದರೆ ಮಗುವಿಗೆ ಮೊಲೆಯೂಡಲು ನೇಮಿಸಿದ ಹೆಂಗಸು. ಅವಳ ವಯಸ್ಸು, ಮೈಕಟ್ಟು, ಆರೋಗ್ಯ, ನಡತೆ ಹೇಗಿರಬೇಕೆಂದು ಗ್ರಂಥಗಳು ಉದ್ದುದ್ದ ಹೇಳುತ್ತವೆ. ಅವಳ ಹಾಲನ್ನು ನೀರಿಗೆ ಬಿಟ್ಟು ನೋಡುವ ಪರೀಕ್ಷೆಯೂ ಇತ್ತು: ನೀರಿನಲ್ಲಿ ಒಂದಾಗಿ ಬೆರೆತರೆ ಒಳ್ಳೆಯ ಹಾಲು. ಆದರೆ ಧಾತ್ರಿಯಾಗಿ ಬಂದವಳ ಸ್ವಂತ ಮಗು ಏನು ಕುಡಿಯಿತು ಎಂಬ ಪ್ರಶ್ನೆಗೆ ಈ ಗ್ರಂಥಗಳು ಹೆಚ್ಚು ಜಾಗ ಕೊಡುವುದಿಲ್ಲ. ವಾಗ್ಭಟನ ಅಷ್ಟಾಂಗಹೃದಯ ಮನುಷ್ಯರ ಹಾಲು ಸಿಗದಾಗ ಮೇಕೆಯ ಹಾಲನ್ನೋ ಹಸುವಿನ ಹಾಲನ್ನೋ ಬೇರುಗಳ ಜೊತೆ ಕಾಯಿಸಿ ಕೊಡಲು ಹೇಳುತ್ತದೆ. ಮಕ್ಕಳ ಚಿಕಿತ್ಸೆಗೇ ಮೀಸಲಾದ ಕಾಶ್ಯಪ ಸಂಹಿತೆಯಲ್ಲಿ ಬೆಳ್ಳುಳ್ಳಿಗೇ ಒಂದು ಅಧ್ಯಾಯವಿದೆ.

ಕನ್ನಡ ನಾಡಿನ ವೈದ್ಯಕ್ಕೆ ಈ ಪರಂಪರೆ ಬಂದದ್ದು ಬಹುಮಟ್ಟಿಗೆ ಜೈನ ವಿದ್ವಾಂಸರ ಮೂಲಕ. ಪೂಜ್ಯಪಾದನ ಕಲ್ಯಾಣಕಾರಕವನ್ನು ಜಗದ್ದಳ ಸೋಮನಾಥ 12ನೇ ಶತಮಾನದಲ್ಲಿ ಕನ್ನಡಕ್ಕೆ ತಂದ. ಉಗ್ರಾದಿತ್ಯ ಅದೇ ಹೆಸರಿನ ಇನ್ನೊಂದು ಗ್ರಂಥವನ್ನು ಸಂಸ್ಕೃತದಲ್ಲಿ ಬರೆದಿದ್ದ. ಮದ್ಯ, ಮಾಂಸ, ಜೇನು ಬಿಟ್ಟು ಮದ್ದು ಹೇಳುವುದು ಈ ಪಂಥದ ಪಟ್ಟು. ಸುಶ್ರುತನ ಪಟ್ಟಿಯಲ್ಲಿದ್ದ ಮಾಂಸರಸ, ಮೀನು, ಮದ್ಯಗಳಿಗೆ ಇಲ್ಲಿ ಎಡೆಯಿಲ್ಲ. ಉಳಿದದ್ದು ಧಾನ್ಯ, ಸೊಪ್ಪು, ಬೇರು, ಹಾಲು, ತುಪ್ಪ. ಆದರೆ ಬಾಣಂತಿಯರ ಊಟ ಯಾವ ಗ್ರಂಥದ ಅಪ್ಪಣೆಗೂ ಕಾದಿರಲಿಲ್ಲ. ಆಯಾ ಊರಿನ ಹೊಲ, ಕಾಡು, ಕಡಲು ಕೊಟ್ಟದ್ದನ್ನು ಅಜ್ಜಿಯರು, ಸೂಲಗಿತ್ತಿಯರು ಹಾಲಿನ ಮದ್ದಾಗಿ ಮಾಡಿಕೊಂಡರು.

ಉತ್ತರ ಕರ್ನಾಟಕದಲ್ಲಿ ಆ ಮದ್ದು ಅಂಟಿನ ಉಂಡೆ ಮತ್ತು ಅಳವಿ ಪಾಯಸ. ಹರಳಿನಂಥ ಗಟ್ಟಿ ಅಂಟನ್ನು ಕಾದ ತುಪ್ಪಕ್ಕೆ ಹಾಕಿದರೆ ಅದು ಚಟಪಟ ಸಿಡಿದು ಅರಳಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಷ್ಟು ಹಗುರಾಗುತ್ತದೆ. ಅದಕ್ಕೆ ತುರಿದು ಹುರಿದ ಒಣಕೊಬ್ಬರಿ, ಬೀಜ ತೆಗೆದು ಕುಟ್ಟಿದ ಉತ್ತತ್ತಿ, ಗಸಗಸೆ, ಏಲಕ್ಕಿ ಸೇರಿಸಿ ಬೆಲ್ಲದ ಪಾಕದಲ್ಲಿ ಬಿಸಿಯಿರುವಾಗಲೇ ಉಂಡೆ ಕಟ್ಟಬೇಕು, ಆರಿದರೆ ಕೂಡಿಕೊಳ್ಳುವುದಿಲ್ಲ. ಅಳವಿ ಸಾಸಿವೆಗಿಂತ ಸ್ವಲ್ಪ ಉದ್ದನೆಯ ಕೆಂಪು ಬೀಜ. ನೆನೆಸಿದರೆ ಲೋಳೆ ಬಿಟ್ಟುಕೊಂಡು ಉಬ್ಬುತ್ತದೆ, ಹಾಲು ಬೆಲ್ಲದಲ್ಲಿ ಕುದಿಸಿದರೆ ಪಾಯಸವಾಗುತ್ತದೆ. ಹೆರಿಗೆಯ ದಿನ ಹತ್ತಿರ ಬಂದಾಗ ತವರುಮನೆಯಲ್ಲಿ ಉಂಡೆಯ ಡಬ್ಬಿ ತುಂಬುವುದೇ ಒಂದು ಕೆಲಸ. ನೆರೆಹೊರೆಯ ಹೆಂಗಸರು ಬಂದು ಕೊಬ್ಬರಿ ತುರಿದು ಕೊಟ್ಟು ಹೋಗುತ್ತಿದ್ದರು.

ಮೈಸೂರು ಸೀಮೆಯಲ್ಲಿ ಸಬ್ಬಸಿಗೆ ಸೊಪ್ಪಿಗೆ ಮೊದಲ ಸ್ಥಾನ. ಅದರ ಜೊತೆ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮೆಣಸು ಜೀರಿಗೆಯ ಸಾರು, ಬಿಸಿ ಅನ್ನ. ಮಾಂಸ ತಿನ್ನುವ ಮನೆಗಳಲ್ಲಿ ನಾಟಿಕೋಳಿ ಸಾರು, ಕಾಲು ಸೂಪು. ಮಲೆನಾಡಿನಲ್ಲಿ ಬಾಣಂತಿ ಲೇಹ್ಯ. ಹಲವು ಮಕ್ಕಳ ತಾಯಿ ಬೇರು, ಆಷಾಢಿ ಬೇರು ಎಂದೆಲ್ಲ ಕರೆಸಿಕೊಳ್ಳುವ ಶತಾವರಿಯ ಗಡ್ಡೆಯನ್ನು ಜಜ್ಜಿ ಹಾಲಿನಲ್ಲಿ ಕಾಯಿಸುವ ರೂಢಿಯೂ ಉಂಟು. ಕರಾವಳಿಯಲ್ಲಿ ತೆಂಗಿನ ಹಾಲು, ಬೆಲ್ಲ ಹಾಕಿದ ಮೆಂತೆ ಗಂಜಿ. ಮೀನು ತಿನ್ನುವವರಲ್ಲಿ ಎಳೆಯ ತಾಟೆ ಮೀನಿಗೆ ಹಾಲು ಹೆಚ್ಚಿಸುವ ಮೀನೆಂಬ ಹೆಸರಿದೆ. ಸೀಮೆ ಬದಲಾದಂತೆ ಪದಾರ್ಥ ಬದಲಾಯಿತು, ಆದರೆ ಎಲ್ಲ ಕಡೆಯೂ ಜಿಡ್ಡು, ಸಿಹಿ, ಬಿಸಿ ಮತ್ತು ಖಾರದ ಮಸಾಲೆ ಸೇರಿದ ಊಟವೇ ಬಾಣಂತಿಗೆ ಹಿತ ಎಂಬ ನಂಬಿಕೆ ಒಂದೇ. ಬದನೆ, ಹಲಸು, ಕುಂಬಳ ಮೊದಲಾದವು ನಂಜೆಂದೋ ಶೀತವೆಂದೋ ಪಥ್ಯದ ಹೊರಗೆ ಉಳಿದವು.

ಊಟಕ್ಕಿಂತ ದೊಡ್ಡ ಏರ್ಪಾಡು ಬಾಣಂತನದ್ದು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕೆಂಬ ಪದ್ಧತಿಯಿಂದ ಹುಡುಗಿಗೆ ಮೂರು ತಿಂಗಳೋ ಐದು ತಿಂಗಳೋ ಅತ್ತೆಮನೆಯ ಕೆಲಸ ತಪ್ಪುತ್ತಿತ್ತು. ಬೆಳಕು ಕಡಿಮೆಯಿರುವ ಬೆಚ್ಚನೆಯ ಕೋಣೆ, ಹೊರಸಿನ ಕೆಳಗೆ ಕೆಂಡ, ಎಣ್ಣೆ ನೀವಿ ಬೆನ್ನಿಗೆ ಸುರಿಯುವ ಬಿಸಿನೀರು, ಆಮೇಲೆ ಲೋಬಾನದ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಮಗು ರಾತ್ರಿ ಹಗಲು ತಾಯಿಯ ಮಗ್ಗುಲಲ್ಲೇ. ಅತ್ತಾಗ ಎತ್ತಿಕೊಡಲು, ಹಾಲೂಡಲು ಬಾರದ ಚೊಚ್ಚಲು ತಾಯಿಗೆ ಮಗುವಿನ ಬಾಯಿ ಹಿಡಿಸಿ ತೋರಿಸಲು ಅಜ್ಜಿ ಪಕ್ಕದಲ್ಲೇ. ಚರಕ ಹೇಳಿದ ಶ್ರಮವಿಲ್ಲದಿರುವಿಕೆಯೂ ಸುಶ್ರುತ ಹೇಳಿದ ಮನಸ್ಸಿನ ನೆಮ್ಮದಿಯೂ ಆಚರಣೆಗೆ ಬಂದದ್ದು ಇಲ್ಲಿಯೇ. ಸಬ್ಬಸಿಗೆ, ಅಂಟು, ಮೆಂತೆಗಳ ಖಾತೆಗೆ ಬಿದ್ದ ಹೆಸರಿನಲ್ಲಿ ದೊಡ್ಡ ಪಾಲು ಈ ಬಿಡುವಿಗೆ ಸಲ್ಲಬೇಕಾದದ್ದು. ಈ ಬಿಡುವು ಎಲ್ಲರಿಗೂ ಇರಲಿಲ್ಲ. ಕೂಲಿಯ ಹೆಣ್ಣು ಹೆತ್ತ ಕೆಲವೇ ವಾರಗಳಲ್ಲಿ ಗದ್ದೆಗೆ ಇಳಿಯುತ್ತಿದ್ದಳು. ಮರದ ಕೊಂಬೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿದ ಮಗುವಿಗೆ ಹಾಲು ಸಿಗುತ್ತಿದ್ದದ್ದು ಕೆಲಸದ ನಡುವೆ ಬಿಡುವಾದಾಗ ಮಾತ್ರ.

ಅದೇ ಬಾಣಂತಿ ಕೋಣೆಯೊಳಗೆ ಹಾಲಿಗೆ ಎರವಾದ ಪದ್ಧತಿಗಳೂ ಇದ್ದವು, ಅವನ್ನು ಮರೆಮಾಚಿ ಚರಿತ್ರೆ ಬರೆಯಲಾಗದು. ಎಲ್ಲಕ್ಕಿಂತ ಕೆಟ್ಟದ್ದು ಮೊದಲ ಹಾಲನ್ನು ಹಿಂಡಿ ಚೆಲ್ಲುವುದು. ಹೆತ್ತ ಕೂಡಲೇ ಬರುವ ಹಳದಿ ಬಣ್ಣದ, ಅಂಟಂಟಾದ ಹಾಲು ಮಗುವಿಗೆ ಅರಗುವುದಿಲ್ಲ, ಅದು ಕೆಟ್ಟ ಹಾಲು ಎಂಬ ನಂಬಿಕೆ ನಾಡಿನ ಬಹುಭಾಗದಲ್ಲಿತ್ತು. ಈಯ್ದ ಎಮ್ಮೆಯ ಮೊದಲ ಹಾಲನ್ನು ಗಿಣ್ಣು ಮಾಡಿ ನೆರೆಮನೆಗೂ ಹಂಚುತ್ತಿದ್ದ ಮನೆಯಲ್ಲೇ ಹೆತ್ತ ತಾಯಿಯ ಮೊದಲ ಹಾಲು ನೆಲದ ಪಾಲಾಗುತ್ತಿತ್ತು. ಸುಶ್ರುತ ಸಂಹಿತೆಯೂ ಹಾಲು ಮೂರು ನಾಲ್ಕನೆಯ ದಿನಕ್ಕೆ ಇಳಿಯುತ್ತದೆಂದು ಹೇಳಿ ಅಲ್ಲಿಯವರೆಗೆ ಜೇನು ತುಪ್ಪಗಳನ್ನು ಕೊಡಿಸುತ್ತದೆ. ಚರಕ ಸಂಹಿತೆ ಮಾತ್ರ ಜೇನು ತುಪ್ಪ ನೆಕ್ಕಿಸಿದ ಮೇಲೆ ಮೊದಲ ದಿನವೇ ಮೊಲೆಗೆ ಹಾಕಲು ಹೇಳುತ್ತದೆ. ರೂಢಿಯಲ್ಲಿ ಗೆದ್ದದ್ದು ಸುಶ್ರುತನ ಕ್ರಮ. ಜೇನು, ಸಕ್ಕರೆ ನೀರು, ಹರಳೆಣ್ಣೆ, ತೇಯ್ದ ಬಜೆ ಇವುಗಳಿಂದ ಹೊಟ್ಟೆ ತುಂಬಿದ ಕೂಸು ನಿದ್ದೆ ಹೋಗುತ್ತಿತ್ತು, ಮೊಲೆ ಚೀಪುವ ಮೊದಲ ದಿನಗಳು ಹಾಗೆಯೇ ಕಳೆಯುತ್ತಿದ್ದವು. ಆಮೇಲೆ ಹಾಲು ಕಡಿಮೆಯಾಯಿತೆಂದು ಸಬ್ಬಸಿಗೆ ಹುಡುಕುತ್ತಿದ್ದರು. ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂದು ಬಾಣಂತಿಗೆ ಬಾಯಾರಿದರೂ ನೀರು ಕೊಡದೆ ಇರುವುದು ಇನ್ನೊಂದು ಹಿಂಸೆ. ಹಾಲು ಬತ್ತಿದ್ದಕ್ಕೆ ದೃಷ್ಟಿ ಕಾರಣವೆಂದೂ, ಮಗು ಸೊರಗಿದ್ದಕ್ಕೆ ಬಾಲಗ್ರಹ ಕಾರಣವೆಂದೂ ಹೇಳುವುದು ವಾಡಿಕೆ. ಸುಶ್ರುತ ಸಂಹಿತೆ ಎಣಿಸುವ, ಮಕ್ಕಳನ್ನು ಕಾಡುವ ಒಂಬತ್ತು ಬಾಲಗ್ರಹಗಳಲ್ಲಿ ಪೂತನಿಯೂ ಒಬ್ಬಳು. ಕೃಷ್ಣನಿಗೆ ವಿಷದ ಮೊಲೆಯೂಡಿದ ಪೂತನಿಯ ಕತೆ ತಿಳಿದ ಮನೆಯವರಿಗೆ ಪರಕೀಯಳ ಹಾಲಿನ ಬಗ್ಗೆ ಇದ್ದ ಭಯಕ್ಕೆ ಇದೊಂದು ಮುಖ.

ತಾಯಿಯ ಹಾಲು ಸಾಲದಾಗ ಹಸುವಿನ ಹಾಲನ್ನೋ ಮೇಕೆಯ ಹಾಲನ್ನೋ ಕೊಡಲು ಬಳಸುತ್ತಿದ್ದದ್ದು ಒಳಲೆ. ಹಿತ್ತಾಳೆ ಅಥವಾ ಬೆಳ್ಳಿಯ ಪುಟ್ಟ ಬಟ್ಟಲು, ಒಂದು ಕಡೆ ಚೂಪಾಗಿ ಮುಂದಕ್ಕೆ ಚಾಚಿದ ತೆರೆದ ಮೂತಿ. ಕಾಲು ನೀಡಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಮೂತಿಯನ್ನು ತುಟಿಯ ಅಂಚಿಗೆ ತಾಗಿಸಿ ಹನಿಹನಿಯಾಗಿ ಬಿಡುತ್ತಾರೆ. ಅದರ ದೊಡ್ಡ ಗುಣ ತೊಳೆಯುವುದು ಸುಲಭ ಎಂಬುದು: ಮುಚ್ಚಿದ ಮೂಲೆ ಎಲ್ಲೂ ಇಲ್ಲ, ಕುದಿಯುವ ನೀರಿಗೆ ಹಾಕಿದರೆ ಸಾಕು. ಮುಂದೆ ಬಂದ ಗಾಜಿನ ಬಾಟಲಿ ಮತ್ತು ರಬ್ಬರಿನ ತೊಟ್ಟಿಗೆ ಈ ಗುಣ ಇರಲಿಲ್ಲ.

ಬಾಟಲಿಯ ಹಿಂದೆ ಡಬ್ಬಿ ಹಾಲಿನ ಚರಿತ್ರೆಯಿದೆ. ಜರ್ಮನಿಯ ರಸಾಯನವಿಜ್ಞಾನಿ ಯುಸ್ಟಸ್ ಫಾನ್ ಲೀಬಿಗ್ 1865ರಲ್ಲಿ ಎದೆಹಾಲಿಗೆ ಬದಲಿ ಆಹಾರದ ಸೂತ್ರವನ್ನು ಪ್ರಕಟಿಸಿದ. 1867ರಲ್ಲಿ ಸ್ವಿಟ್ಜರ್‌ಲೆಂಡಿನ ಹೆನ್ರಿ ನೆಸ್ಲೆ ಹಾಲು ಮತ್ತು ಗೋಧಿಹಿಟ್ಟಿನ ತನ್ನ ಶಿಶು ಆಹಾರವನ್ನು ಮಾರುಕಟ್ಟೆಗೆ ತಂದ. 20ನೇ ಶತಮಾನದ ಮೊದಲ ದಶಕಗಳಲ್ಲಿ ಗ್ಲ್ಯಾಕ್ಸೊದಂಥ ಹಾಲಿನ ಪುಡಿಗಳು ಭಾರತದ ಪೇಟೆಗಳಿಗೂ ಬಂದವು. ಇದೇ ಕಾಲದಲ್ಲಿ ನ್ಯೂಜಿಲೆಂಡಿನ ಟ್ರೂಬಿ ಕಿಂಗ್ 1907ರಲ್ಲಿ ಕಟ್ಟಿದ ಪ್ಲಂಕೆಟ್ ಸೊಸೈಟಿಯಿಂದ ಮಗುವಿಗೆ ಗಡಿಯಾರ ನೋಡಿ, ನಾಲ್ಕು ಗಂಟೆಗೊಮ್ಮೆ ಮಾತ್ರ ಹಾಲು ಕೊಡಬೇಕೆಂಬ ಶಿಸ್ತು ಹರಡಿತು. ಹುಟ್ಟಿದ ಮಗುವನ್ನು ತಾಯಿಯಿಂದ ಬೇರೆ ಕೋಣೆಯಲ್ಲಿ ಇಡುವ ಆಸ್ಪತ್ರೆಗಳೂ ಬಂದವು. ಅತ್ತಾಗಲೆಲ್ಲ ಎದೆಗೆ ಹಾಕಿಸುವ ಹಳ್ಳಿಯ ಅಜ್ಜಿಯನ್ನು ಅಜ್ಞಾನಿಯೆಂದ ಈ ಶಿಸ್ತು ಎಷ್ಟೋ ತಾಯಂದಿರ ಹಾಲನ್ನು ಬತ್ತಿಸಿತು. ಹಾಲು ಬತ್ತಿದವರಿಗೆ ಡಬ್ಬಿ ಸಿದ್ಧವಾಗಿತ್ತು.

ಸ್ವಾತಂತ್ರ್ಯಾನಂತರ ಆಮದಿನ ಡಬ್ಬಿಗೆ ಬದಲಾಗಿ ದೇಶದಲ್ಲೇ ಶಿಶು ಆಹಾರ ತಯಾರಿಸುವ ಕೆಲಸದಲ್ಲಿ ಮೈಸೂರಿಗೆ ದೊಡ್ಡ ಪಾತ್ರವಿದೆ. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಎಮ್ಮೆಯ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ರೂಪಿಸಿದರು. ಗುಜರಾತಿನ ಆಣಂದದ ಸಹಕಾರಿ ಡೇರಿ ಅದನ್ನು ತೆಗೆದುಕೊಂಡು ಅಮುಲ್ ಹೆಸರಿನಲ್ಲಿ ಉತ್ಪಾದನೆಗೆ ಇಳಿಯಿತು. ಜಿಡ್ಡು ಹೆಚ್ಚಿರುವ ಎಮ್ಮೆಯ ಹಾಲನ್ನು ಕೂಸಿಗೆ ಅರಗುವಂತೆ ಮಾಡುವುದು ಆಗಿನ ಕಾಲಕ್ಕೆ ಹೊಸ ಸಾಧನೆ. ತಾಯಿ ಇಲ್ಲದ, ನಿಜಕ್ಕೂ ಹಾಲು ಸಿಗದ ಮಕ್ಕಳ ಜೀವವನ್ನು ಅದು ಉಳಿಸಿತು. ಅವಶ್ಯಕತೆ ಇಲ್ಲದ ಮನೆಗಳಿಗೂ ಡಬ್ಬಿ ಹೊಕ್ಕದ್ದು ಜಾಹೀರಾತಿನಿಂದ.

ಹಾಲು ಏಕೆ ಕಡಿಮೆಯಾಗುತ್ತದೆ ಎಂಬುದರ ಗುಟ್ಟು ಬಿಚ್ಚಿಕೊಂಡದ್ದೂ 20ನೇ ಶತಮಾನದಲ್ಲೇ. 1928ರಲ್ಲಿ ಸ್ಟ್ರಾಸ್‌ಬರ್ಗಿನ ಸ್ಟ್ರಿಕರ್ ಮತ್ತು ಗ್ರ್ಯೂಟರ್ ಪಿಟ್ಯುಟರಿ ಗ್ರಂಥಿಯ ಸಾರ ಮೊಲದಲ್ಲಿ ಹಾಲು ಹುಟ್ಟಿಸುವುದನ್ನು ತೋರಿಸಿದರು. ಆ ಅಂಶಕ್ಕೆ ಆಸ್ಕರ್ ರಿಡಲ್ ಮತ್ತವರ ಸಂಗಡಿಗರು 1933ರಲ್ಲಿ ಪ್ರೊಲ್ಯಾಕ್ಟಿನ್ ಎಂದು ಹೆಸರಿಟ್ಟರು. ಮಗು ಚೀಪಿದಷ್ಟೂ ಅದು ಸ್ರವಿಸುತ್ತದೆ. ಹುಟ್ಟಿದ ಹಾಲನ್ನು ಹೊರಕ್ಕೆ ನೂಕುವ ಕೆಲಸ ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನಿನದು. 1941ರಲ್ಲಿ ಅಮೆರಿಕದ ಈಲಿ ಮತ್ತು ಪೀಟರ್ಸನ್ ಕರೆಯುವ ಹಸುವಿನ ಬೆನ್ನ ಮೇಲೆ ಬೆಕ್ಕನ್ನಿಟ್ಟು, ಕಾಗದದ ಚೀಲ ಒಡೆದು ಬೆದರಿಸಿದಾಗ ಹಾಲು ಇಳಿಯದೆ ನಿಂತದ್ದನ್ನು ದಾಖಲಿಸಿದರು. ಕರು ಬಿಟ್ಟು ಸೊರೆ ಬಿಡಿಸಿ, ಸದ್ದಿಲ್ಲದೆ ಕೂತು ಹಾಲು ಕರೆಯುವ ರೈತರಿಗೆ ಇದು ತಿಳಿದ ಸಂಗತಿಯೇ. 1948ರಲ್ಲಿ ಮೈಕೆಲ್ ಮತ್ತು ನೈಲ್ಸ್ ನ್ಯೂಟನ್ ದಂಪತಿ ಇದನ್ನು ಮನುಷ್ಯರಲ್ಲಿ ಪರೀಕ್ಷಿಸಿದರು. ಹಾಲೂಡುವ ತಾಯಿಗೆ ಕಾಲನ್ನು ಮಂಜುನೀರಿನಲ್ಲಿ ಇಡಿಸಿ, ನೋವು ಕೊಟ್ಟು, ಲೆಕ್ಕ ಕೇಳಿ ಗಲಿಬಿಲಿಗೊಳಿಸಿದಾಗ ಮಗುವಿಗೆ ಸಿಕ್ಕ ಹಾಲು ಇಳಿಯಿತು. ಆಕ್ಸಿಟೋಸಿನ್ ಚುಚ್ಚಿದಾಗ ಮತ್ತೆ ಏರಿತು. ಸಿಟ್ಟು, ದುಃಖಗಳು ಹಾಲು ಬತ್ತಿಸುತ್ತವೆ ಎಂಬ ಸುಶ್ರುತ ಸಂಹಿತೆಯ ಮಾತಿಗೆ ಇಲ್ಲಿ ಪ್ರಯೋಗದ ಆಧಾರ ಸಿಕ್ಕಿತು. ಮುಂದೆ ಮೇಕೆಗಳ ಮೇಲಿನ ಸಂಶೋಧನೆಗಳು ಇನ್ನೊಂದನ್ನು ತಿಳಿಸಿದವು: ಕೆಚ್ಚಲಲ್ಲಿ ಉಳಿದ ಹಾಲೇ ಹೊಸ ಹಾಲಿನ ಉತ್ಪತ್ತಿಯನ್ನು ತಡೆಯುತ್ತದೆ. ಖಾಲಿಯಾದಷ್ಟು ಬೇಗ ತುಂಬುವುದು ಮೊಲೆಯ ಸ್ವಭಾವ.

ತಾಯಿಯ ಊಟದ ಪ್ರಶ್ನೆಗೆ ಉತ್ತರ ದಕ್ಷಿಣ ಭಾರತದಿಂದಲೇ ಬಂತು. ಕೂನೂರಿನ ಪೌಷ್ಟಿಕ ಸಂಶೋಧನಾಲಯದಲ್ಲಿದ್ದ ಸಿ. ಗೋಪಾಲನ್ 1950ರ ದಶಕದಲ್ಲಿ ಬಡ ತಾಯಂದಿರ ಹಾಲನ್ನು ಅಧ್ಯಯನ ಮಾಡಿದರು. ಅರೆಹೊಟ್ಟೆಯ ಊಟದಲ್ಲೂ ಆ ತಾಯಂದಿರು ದಿನಕ್ಕೆ ಅರ್ಧ ಲೀಟರಿನ ಆಸುಪಾಸು ಹಾಲೂಡುತ್ತಿದ್ದರು, ಹಾಲಿನ ಪ್ರೊಟೀನು ಹೊಟ್ಟೆತುಂಬ ಉಂಡವರ ಹಾಲಿಗಿಂತ ಹೆಚ್ಚು ಭಿನ್ನವಾಗಿರಲಿಲ್ಲ. ಕೊರತೆಯನ್ನು ತುಂಬುತ್ತಿದ್ದದ್ದು ತಾಯಿಯ ಮೈ. ಬಾಣಂತಿಗೆ ಚೆನ್ನಾಗಿ ಉಣಿಸಬೇಕು ಎಂಬ ಅಜ್ಜಿಯರ ಹಟ ಹಾಗಾಗಿ ತಪ್ಪಲ್ಲ, ಅದರ ಫಲ ಹಾಲಿಗಿಂತ ಹೆಚ್ಚಾಗಿ ತಾಯಿಗೆ ಸಿಗುತ್ತದೆ. ಮೆಂತೆ, ಶತಾವರಿಗಳನ್ನು ಕುರಿತ ಪರೀಕ್ಷೆಗಳು ಸಣ್ಣವು, ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಹಾಲು ಬತ್ತಿಸಲು ಮೊಲೆಗೆ ಮಲ್ಲಿಗೆ ಹೂ ಕಟ್ಟುವ ದಕ್ಷಿಣದ ಪದ್ಧತಿಯನ್ನು ಔಷಧಿಯ ಜೊತೆ ಹೋಲಿಸಿ ನೋಡಿದ 1988ರ ಅಧ್ಯಯನದಲ್ಲಿ ಹೂವಿಗೂ ಪರಿಣಾಮ ಕಂಡಿತ್ತು. ಹಾಲು ಹೆಚ್ಚಿಸಲೆಂದು ವೈದ್ಯರು ಬರೆದುಕೊಡುವ ಡೊಂಪೆರಿಡೋನ್ ಮಾತ್ರೆಯ ವಿಷಯದಲ್ಲಿ ಹೃದಯದ ಬಡಿತಕ್ಕೆ ಅಪಾಯವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಎಚ್ಚರಿಸಿತು.

ಡಬ್ಬಿಯ ವಿರುದ್ಧದ ದನಿ ಮೊದಲು ಗಟ್ಟಿಯಾದದ್ದು ಸಿಂಗಪುರದಲ್ಲಿ. ಮಂದಗೊಳಿಸಿದ ಸಿಹಿಹಾಲನ್ನು ಕೂಸುಗಳಿಗೆ ಕೊಡಿಸುವ ಪ್ರಚಾರವನ್ನು ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರ ಭಾಷಣದಲ್ಲಿ ಕೊಲೆಗೆ ಸಮನೆಂದರು. ಶುದ್ಧ ನೀರಿಲ್ಲದ, ಪುಡಿಯನ್ನು ತೆಳ್ಳಗೆ ಕಲಸಿ ದಿನ ದೂಡುವ ಬಡವರ ಮನೆಗಳಲ್ಲಿ ಬಾಟಲಿ ಭೇದಿಯನ್ನೂ ಅಪೌಷ್ಟಿಕತೆಯನ್ನೂ ತಂದಿತ್ತು. 1977ರಲ್ಲಿ ನೆಸ್ಲೆಯ ವಿರುದ್ಧ ಬಹಿಷ್ಕಾರ ಶುರುವಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಎದೆಹಾಲಿನ ಬದಲಿಗಳ ಮಾರಾಟಕ್ಕೆ ಅಂತರರಾಷ್ಟ್ರೀಯ ಸಂಹಿತೆಯನ್ನು ಒಪ್ಪಿತು, ವಿರೋಧಿಸಿದ್ದು ಅಮೆರಿಕ ಒಂದೇ. ಭಾರತ 1992ರಲ್ಲಿ ಕಾಯಿದೆ ಮಾಡಿತು, 2003ರ ತಿದ್ದುಪಡಿ ಅದನ್ನು ಬಿಗಿಗೊಳಿಸಿತು. ಎರಡು ವರ್ಷದವರೆಗಿನ ಮಕ್ಕಳ ಡಬ್ಬಿ ಆಹಾರದ ಜಾಹೀರಾತು, ಉಚಿತ ಮಾದರಿ, ಡಬ್ಬಿಯ ಮೇಲೆ ಮಗುವಿನ ಚಿತ್ರ ಯಾವುದೂ ಸಲ್ಲದು. ಆ ವಿಷಯದಲ್ಲಿ ಭಾರತದ ಕಾನೂನು ಹೆಮ್ಮೆಪಡುವಂಥದ್ದು. ಕನ್ನಡದಲ್ಲಿ ವೈದ್ಯೆ, ಲೇಖಕಿ ಅನುಪಮಾ ನಿರಂಜನ ಅವರ ‘ತಾಯಿ-ಮಗು’ವಿನಂಥ ಪುಸ್ತಕಗಳು ವೈದ್ಯಕೀಯ ತಿಳಿವಳಿಕೆಯನ್ನು ಮನೆಯ ಹೆಂಗಸರಿಗೆ ಅರ್ಥವಾಗುವ ಮಾತಿನಲ್ಲಿ ಮುಟ್ಟಿಸಿದವು.

1991ರಲ್ಲಿ ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಶಿಶುಸ್ನೇಹಿ ಆಸ್ಪತ್ರೆ ಯೋಜನೆ ತಂದಾಗ ಹುಟ್ಟಿದ ಕೂಡಲೇ ಮೊಲೆಗೆ ಹಾಕುವುದು, ತಾಯಿ ಮಗುವನ್ನು ಒಟ್ಟಿಗೇ ಇಡುವುದು, ಮಗು ಕೇಳಿದಾಗಲೆಲ್ಲ ಹಾಲೂಡುವುದು ನಿಯಮಗಳಾದವು. ಬಾಣಂತಿ ಕೋಣೆಯ ಅರ್ಧ ಪದ್ಧತಿಗೆ ಇದರಿಂದ ಮನ್ನಣೆ ಸಿಕ್ಕಿತು, ಮೊದಲ ಹಾಲು ಚೆಲ್ಲುವ ಇನ್ನರ್ಧಕ್ಕೆ ತಡೆ ಬಿತ್ತು. ಭಾರತ ಸರ್ಕಾರ 2016ರಲ್ಲಿ ‘ಮಾ’ ಕಾರ್ಯಕ್ರಮದ ಮೂಲಕ ಇದೇ ಮಾತನ್ನು ಆಶಾ ಕಾರ್ಯಕರ್ತೆಯರ ಕೈಗೆ ಕೊಟ್ಟಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಹಾಲು ಸಿಕ್ಕ ಮಕ್ಕಳು ಶೇ. 41.8ರಷ್ಟು ಮಾತ್ರ. ಹಾಲು ಸಾಲದು ಎಂದು ಹೇಳುವ ತಾಯಂದಿರಲ್ಲಿ ಬಹುಪಾಲಿಗೆ ಬೇಕಾದದ್ದು ಮಗುವಿನ ಬಾಯಿ ಸರಿಯಾಗಿ ಹಿಡಿಸುವುದನ್ನು ತೋರಿಸುವ ಒಬ್ಬರು, ಮೇಲಿಂದ ಮೇಲೆ, ರಾತ್ರಿಯೂ ಹಾಲೂಡಲು ಬಿಡುವು. ಮಗು ದಿನಕ್ಕೆ ಆರೇಳು ಸಲ ಬಟ್ಟೆ ಒದ್ದೆ ಮಾಡುತ್ತ, ತೂಕ ಏರುತ್ತ ಇದ್ದರೆ ಹಾಲು ಸಾಲುತ್ತಿದೆ. ಥೈರಾಯ್ಡ್ ತೊಂದರೆ, ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವ, ಗರ್ಭಕೋಶದಲ್ಲಿ ಉಳಿದ ಮಾಸಿನ ಚೂರು, ಮೊಲೆಯ ಶಸ್ತ್ರಚಿಕಿತ್ಸೆ ಇಂಥ ಕಾರಣಗಳಿಂದ ನಿಜಕ್ಕೂ ಹಾಲು ಕಡಿಮೆಯಾಗುವವರು ಸ್ವಲ್ಪ ಜನ, ಅವರಿಗೆ ವೈದ್ಯರ ನೆರವೇ ಬೇಕು.

ಅವಧಿಗೆ ಮುಂಚೆ ಹುಟ್ಟಿದ, ತಾಯಿಯ ಹಾಲು ಸಿಗದ ಮಕ್ಕಳಿಗೆ ಹಳೆಯ ಧಾತ್ರಿಯ ಜಾಗದಲ್ಲಿ ಈಗ ಹಾಲಿನ ಬ್ಯಾಂಕುಗಳಿವೆ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕನ್ನು ವೈದ್ಯೆ ಆರ್ಮಿಡಾ ಫರ್ನಾಂಡಿಸ್ 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ತೆರೆದರು. ಈಚೆಗೆ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಅಂಥದೊಂದು ಆರಂಭವಾಗಿದೆ. ಧಾತ್ರಿ ಪದ್ಧತಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ: ತನ್ನ ಮಗುವಿಗೆ ಕುಡಿಸಿ ಉಳಿದ ಹಾಲನ್ನಷ್ಟೇ ತಾಯಿ ಕೊಡುತ್ತಾಳೆ, ಹಣಕ್ಕೆ ಮಾರುವಂತಿಲ್ಲ. ದಾನಿಯ ರಕ್ತ ಪರೀಕ್ಷೆಯಾದ ಮೇಲೆ ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ಸೋಂಕು ಪರೀಕ್ಷೆ ಮಾಡಿ, ಮೈನಸ್ 20 ಡಿಗ್ರಿಯಲ್ಲಿ ಇಡುತ್ತಾರೆ. 2017ರ ರಾಷ್ಟ್ರೀಯ ಮಾರ್ಗಸೂಚಿ ಈ ಕೇಂದ್ರಗಳ ಮೊದಲ ಕೆಲಸ ಹಾಲು ಸಂಗ್ರಹಿಸುವುದಲ್ಲ, ಹೆತ್ತ ತಾಯಿಗೇ ಹಾಲು ಇಳಿಯುವಂತೆ ನೆರವಾಗುವುದು ಎಂಬ ಕ್ರಮವನ್ನು ಇಟ್ಟಿದೆ. ತಾಯಿ ಹಿಂಡಿದ ಹಾಲು ಮೊದಲು, ದಾನಿಯ ಹಾಲು ಅದಾದ ಮೇಲೆ, ಡಬ್ಬಿಯ ಹಾಲು ಎರಡೂ ಸಿಗದಾಗ ಮಾತ್ರ.